ನಜೀರ ಹೇಳೋ ತನಕ

ನಗೋದಿದ್ರೆ ಕಡೇಲಿ ನಗ್ರಪ್ಪ, ಹೊನ್ನೂರಮ್ಮನಿಗಂತೂ ಅವತ್ತು ನಗು ಬರೋ ಹಾಗಿರಲಿಲ್ಲ. ಇರೋನೊಬ್ಬ ಮಗ ದುರುಗ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಪೆದ್ದ. ತಿಂಗಳಲ್ಲಿ ಎರಡು ಸಲ ಫಿಟ್ಸ್ ಬಂದು ಬಿದ್ದಿದ್ದ. "ತಲೇಲಿ ಗಡ್ಡೆ ಇದೆಯೋ ಏನೋ, ಎಂಆರ್‌ಐ ಮಾಡಿಸಿ ನೋಡೋಣ" ಅಂದಿದ್ದರು ಡಾಕ್ಟರು. ಆ ಮಾತು ಕೇಳಿದಾಗಿಂದ ಆಕೆ ಸರಿಯಾಗಿ ಉಂಡಿರಲಿಲ್ಲ.

ಸ್ಕ್ಯಾನ್ ಕೋಣೆ ಬಾಗಿಲಲ್ಲಿ ಟೆಕ್ನಿಶಿಯನ್ ನಜೀರ ಹೇಳಿದ, "ಒಳಗಿರೋದು ದೊಡ್ಡ ಅಯಸ್ಕಾಂತ. ಲೋಹದ್ದು ಏನಿದ್ರೂ ಬಿಚ್ಚಿ ಅಮ್ಮನ ಕೈಗೆ ಕೊಡು."

ದುರುಗ ಉಂಗುರ ಕೊಟ್ಟ, ಬೆಲ್ಟು ಕೊಟ್ಟ. ಪ್ಯಾಂಟಿಗೆ ಜಿಪ್ಪಿತ್ತಲ್ಲ, ಅದನ್ನೂ ಅಲ್ಲೇ ಕಳಚಿ ಕೊಟ್ಟ. ಸಾಲಲ್ಲಿ ಕೂತ ಹೆಂಗಸರು ಮುಖ ತಿರುಗಿಸಿದರು.

"ಮಾನಗೇಡಿ, ಇನ್ಮೇಲೆ ಯಾರೇನೇ ಹೇಳಲಿ, ನನ್ನ ಕೇಳಿ ಮಾಡು" ಅಂತ ಬೈದು, ಆಸ್ಪತ್ರೆ ಪೈಜಾಮ ತೊಡಿಸಿ ಒಳಗೆ ಕಳಿಸಿದಳು.

ಹಲಗೆ ಮೇಲೆ ಮಲಗಿಸಿ ನಜೀರ "ಕಣ್ಣು ಮುಚ್ಕೋ" ಅಂದ. ದುರುಗ ಎದ್ದು ಹೊರಗೆ ಓಡಿದ. "ಅಮ್ಮ, ಕಣ್ಣು ಮುಚ್ಚಲಾ?"

ನಜೀರನಿಗೆ ರೇಗಿತು. "ಅಮ್ಮನ್ನ ಕೇಳೋದು ಬಿಡು. ಕದಲಿದ್ರೆ ಚಿತ್ರ ಕಲಸಿಹೋಗುತ್ತೆ, ತಲೇಲೇನಿದೆ ಅಂತ ಗೊತ್ತಾಗಲ್ಲ. ನಾನು ಹೇಳೋ ತನಕ ಒಂದು ಬೆರಳೂ ಅಲುಗಬಾರದು."

ಯಂತ್ರ ಟಕಟಕ ಅಂತು, ಧಡಧಡ ಅಂತು. ಅರ್ಧ ಗಂಟೆ. ಹೊರಗೆ ಹೊನ್ನೂರಮ್ಮ ಒಂದೊಂದು ಸದ್ದಿಗೂ ಸೆರಗು ಹಿಂಡಿದಳು. ಚಿತ್ರ ಸ್ವಚ್ಛವಾಗಿ ಬಂತು. ನಜೀರನ ಡ್ಯೂಟಿ ಮುಗೀತು, ಚೀಲ ಹೆಗಲಿಗೆ ಹಾಕ್ಕೊಂಡು ಹೊರಟ.

ನರ್ಸ್ ಬಂದು "ಏಳಣ್ಣ" ಅಂದಳು. ಏಳಲಿಲ್ಲ. ತಳ್ಳುಗಾಡೀಲಿ ಹೊರಗೆ ತಂದರು. ಅಮ್ಮ ಕೆನ್ನೆ ತಟ್ಟಿದಳು, ಎದೆಗೆ ಕಿವಿ ಇಟ್ಟಳು. ಎದೆ ಬಡೀತಿದೆ, ರೆಪ್ಪೆ ಮಾತ್ರ ಅಲುಗದು. "ದುರುಗಾ, ದುರುಗಾ" ಅಂತ ಕೂಗಿದಳು. ಆದರೂ ಹೆತ್ತವಳಲ್ಲವಾ, ಮಗ ಎಂಥವನು ಅಂತ ಗೊತ್ತು. "ಇವನಿಗೆ ಕಡೇಲಿ ಏನು ಹೇಳಿದ್ರಿ?" ಅಂತ ನರ್ಸನ್ನ ಕೇಳಿದಳು. "ತಾನು ಹೇಳೋ ತನಕ ಅಲುಗಬೇಡ ಅಂದಿದ್ದ ನಜೀರ" ಅಂದಳು ನರ್ಸ್.

ವಾಚ್‌ಮನ್ ಬಸ್‌ಸ್ಟಾಪಿಗೆ ಓಡಿ ನಜೀರನ್ನ ಎಳಕೊಂಡು ಬಂದ. "ಆಯ್ತು ಮಾರಾಯ, ಇನ್ನು ಅಲುಗಾಡು" ಅಂದವನೇ ನಜೀರ ಬಸ್ಸು ತಪ್ಪೀತು ಅಂತ ವಾಪಸ್ ಓಡಿದ.

ದುರುಗ ಕಣ್ಣು ಬಿಟ್ಟ. ಕೈ ಅಲುಗಾಡಿಸಿದ, ಕಾಲು ಅಲುಗಾಡಿಸಿದ, ತಲೇನೂ ಅಲುಗಾಡಿಸಿದ. ಅಷ್ಟರಲ್ಲಿ ಡಾಕ್ಟರು ಫಿಲ್ಮ್ ಹಿಡಿದು ಬಂದರು. "ಗಡ್ಡೆ ಅಲ್ಲಮ್ಮ. ಹುಳದಿಂದಾದ ಸಣ್ಣ ಗುಳ್ಳೆ, ಮಾತ್ರೆಗೆ ವಾಸಿಯಾಗುತ್ತೆ." ಹೊನ್ನೂರಮ್ಮನಿಗೆ ಅಳು ಉಕ್ಕಿ ಬಂತು. ಡಾಕ್ಟರು ಮಗನ ಕಡೆ ತಿರುಗಿ ಬೆಚ್ಚಿದರು, "ಫಿಟ್ಸ್, ಸೂಜಿ ತನ್ನಿ."

"ಬೇಡ ಸ್ವಾಮಿ. ಸಾಕು ನಿಲ್ಸೋ ದುರುಗ."

"ಅವರೇ ಹೇಳಬೇಕಮ್ಮ" ಅಂದ ದುರುಗ, ಅಲುಗಾಡುತ್ತಾ.

ನಜೀರನ ಬಸ್ಸು ಹೋಗಿ ಆಗಿತ್ತು. ಹೊನ್ನೂರಮ್ಮ ಮಗನ ಕೈ ಗಟ್ಟಿಯಾಗಿ ಹಿಡ್ಕೊಂಡು, ತಾನೂ ಅಲುಗಾಡುತ್ತಾ ಊರಿಗೆ ಹೋದಳು.