ಶೆಟ್ಟಿ ಎಳೆದ ಗೆರೆ

“ಸಾಲ ವಸೂಲಿ ಅಂದ್ರೆ ನನ್ನನ್ನು ನೋಡಿ ಕಲೀಬೇಕು. ಸತ್ತವನ ಬಾಯಿಗೆ ಹಾಕಿದ ಅಕ್ಕಿಕಾಳನ್ನೂ ಬಿಡೋನಲ್ಲ ನಾನು!”

ಹದ್ದಿನಗಲ್ಲಿನ ಪಾಳೆಯಗಾರ ಸೂರನಾಯಕನ ಓಲಗದಲ್ಲಿ ಹೀಗೆ ಮೀಸೆ ತಿರುವಿದವನು ಸಾಹುಕಾರ ತೋಟಪ್ಪ ಶೆಟ್ಟಿ.

“ಅದನ್ನ ಹೇಳಲೇಬೇಕೇ ಶೆಟ್ಟರೇ? ನೀವು ಬಂದರೆ ಹೆಣವೂ ಬಾಯಿ ಮುಚ್ಚಿಕೊಳ್ಳುತ್ತೆ,” ಎಂದ ವಿದೂಷಕ ಹಂಪಣ್ಣ.

ಓಲಗವೆಲ್ಲ ನಕ್ಕಿತು. ಶೆಟ್ಟಿ ನಗಲಿಲ್ಲ.

ಆ ಸಂಜೆ ಬಳೆಗಾರ ಕರಿಬಸಪ್ಪ ಹಂಪಣ್ಣನ ಜಗಲಿಗೆ ಬಂದು ಕುಸಿದು ಕೂತ. ಹೊಳೆ ದಾಟುವಾಗ ಕತ್ತೆ ಕಾಲು ಜಾರಿ, ಅದರ ಬೆನ್ನ ಮೇಲಿದ್ದ ಬಳೆಗಳೆಲ್ಲ ಬಂಡೆಗೆ ಬಡಿದು ಚೂರಾಗಿದ್ದವು. ಕತ್ತೆಯೂ ಹೊಳೆಯ ಪಾಲಾಗಿತ್ತು. ಶೆಟ್ಟಿಯಿಂದ ತಂದ ಅಸಲನ್ನು ಅವನು ಎಂದೋ ತೀರಿಸಿದ್ದ. ಉಳಿದಿದ್ದು ಬಡ್ಡಿ, ಆ ಬಡ್ಡಿಗೆ ಹುಟ್ಟಿದ ಬಡ್ಡಿ.

“ನಾಳೆ ದುಡ್ಡು ಇಡು, ಇಲ್ಲಾ ಮಗಳು ಗಂಗವ್ವನ್ನ ನಮ್ಮನೆ ಜೀತಕ್ಕೆ ಕಳಿಸು ಅಂತಾನೆ ಸ್ವಾಮಿ. ಎರಡೂ ಆಗದಿದ್ರೆ ನಡುಬೀದೀಲಿ ಗೆರೆ ಎಳೆದು ಕೂರಿಸ್ತಾನಂತೆ.”

ಆ ಸೀಮೆಯಲ್ಲಿ ಅಂಥದೊಂದು ಕಟ್ಟಳೆಯಿತ್ತು. ಸಾಲ ಕೊಟ್ಟವನು ‘ನಾಯಕರ ಆಣೆ’ ಎಂದು ಕೂಗಿ, ಸಾಲ ತಂದವನ ಸುತ್ತ ಸುಣ್ಣದ ಗೆರೆ ಎಳೆದರೆ ಮುಗಿಯಿತು. ಸಾಲ ತೀರುವ ತನಕ ಅವನು ಗೆರೆ ದಾಟುವಂತಿಲ್ಲ. ದಾಟಿದರೆ ಚಾವಟಿ ಏಟು.

“ನಿನ್ನ ಹತ್ರ ಏನಿದೆ?” ಕೇಳಿದ ಹಂಪಣ್ಣ.

“ಏನೂ ಇಲ್ಲ.”

“ಹೊಲ?”

“ಇಲ್ಲ.”

“ಮನೆ?”

“ಮಠದೋರು ಇರೋಕೆ ಕೊಟ್ಟಿದ್ದು.”

“ಹೆಂಡತಿ ಕಿವೀಲಿ?”

“ಬೇವಿನ ಕಡ್ಡಿ.”

ಹಂಪಣ್ಣನ ಮುಖ ಅರಳಿತು. “ಹಾಗಾದ್ರೆ ನಡುಗಬೇಕಾದೋನು ಶೆಟ್ಟಿ ಕಣೋ, ನೀನಲ್ಲ! ಮಗಳನ್ನ ಮಾತ್ರ ಕಳಿಸಬೇಡ. ಅವನು ಗೆರೆ ಎಳೀಲಿ, ನೀನು ಒಳಗೆ ಕೂತ್ಕೋ.”

“ಮಾನ ಹೋಗುತ್ತಲ್ಲ?”

“ಯಾರದು ಹೋಗುತ್ತೆ ನೋಡೋಣ.”

ಬೆಳಿಗ್ಗೆ ಶೆಟ್ಟಿ ತನ್ನ ಅಂಗಡಿಯ ಬಾಗಿಲೆದುರಿಗೇ ಕರಿಬಸಪ್ಪನನ್ನು ನಿಲ್ಲಿಸಿ, ತಮಟೆ ಹೊಡೆಸಿ, ಗೆರೆ ಎಳೆದ. “ನೋಡ್ರಪ್ಪಾ, ಸಾಲ ತಿಂದು ತೇಗಿದ ಭಂಡ!”

ಬೀದಿಯೆಲ್ಲ ನೆರೆಯಿತು. ಕರಿಬಸಪ್ಪ ಮಂಡಿಯ ನಡುವೆ ಮುಖ ಹುದುಗಿಸಿ ಕೂತ. ದೂರದಲ್ಲಿ ಗಂಗವ್ವ ತಾಯಿಯ ಸೆರಗು ಹಿಡಿದು ಬಿಕ್ಕುತ್ತಿದ್ದಳು.

ಮಧ್ಯಾಹ್ನ ಹಂಪಣ್ಣ ಕೋಟೆಯ ಕಾವಲಿನ ತಳವಾರನನ್ನು ಜೊತೆಗೆ ಕರೆದುಕೊಂಡು ಬಂದ.

“ಶೆಟ್ಟರೇ, ಊಟ ಎಲ್ಲಿ?”

“ಯಾರಿಗೆ?”

“ನಿಮ್ಮ ಕೈದಿಗೆ. ನಾಯಕರ ಆಣೆ ಹಾಕಿ ಹಿಡಿದಿಟ್ಟವನಿಗೆ, ಹಿಡಿದವನೇ ಅನ್ನ ಹಾಕಬೇಕು. ಗೆರೆಯೊಳಗೆ ಹಸಿದು ಸತ್ತರೆ ಅದು ಕೊಲೆ. ಹೌದೇನಪ್ಪಾ ತಳವಾರ?”

“ಕಟ್ಟಳೆ ಹಾಗೇ ಇದೆ,” ಎಂದ ತಳವಾರ. “ಇಲ್ಲೀವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ.”

ಶೆಟ್ಟಿ ಹಲ್ಲು ಕಡಿಯುತ್ತ ಒಂದು ತಂಗಳು ಮುದ್ದೆ ತರಿಸಿದ. ಅಷ್ಟರಲ್ಲಿ ಕರಿಬಸಪ್ಪನ ಹೆಂಡತಿ, ಮಗಳು, ಅತ್ತೆ ಮೂವರೂ ಬಂದು ಗೆರೆಯೊಳಗೆ ಕೂತರು.

“ಇವರೆಲ್ಲ ಯಾಕೆ?”

“ಇವರಿಗೆ ದುಡಿದು ಹಾಕೋ ಕೈಯನ್ನ ನೀವು ಇಲ್ಲಿ ಕೂರಿಸಿದ್ದೀರಿ. ಇವರು ಇನ್ನೆಲ್ಲಿಗೆ ಹೋಗಬೇಕು?” ಎಂದ ಹಂಪಣ್ಣ. “ಅಂದಹಾಗೆ ಮುದ್ದೆ ಬಿಸಿಯಾಗಿರಲಿ. ಅಜ್ಜಿಗೆ ಹಲ್ಲಿಲ್ಲ.”

ತಳವಾರ ತಲೆಯಾಡಿಸಿದ. ಶೆಟ್ಟಿಯ ಮನೆಯಿಂದ ಹೊತ್ತು ಹೊತ್ತಿಗೆ ಊಟ ಬರತೊಡಗಿತು. ಬಿಸಿಲಿಗೆ ಅಜ್ಜಿ ನರಳಿದಳು, ಚಪ್ಪರ ಹಾಕಿಸಬೇಕಾಯಿತು. ಸಾರಿಗೆ ಉಪ್ಪು ಸಾಲದೆಂದಳು. ಶೆಟ್ಟಿಯ ಹೆಂಡತಿ ಉಪ್ಪು ಹಿಡಿದು ಓಡಿಬಂದಳು. ವಾರ ಕಳೆಯುವಷ್ಟರಲ್ಲಿ ಕರಿಬಸಪ್ಪನ ಕೆನ್ನೆ ತುಂಬಿಕೊಂಡಿತು, ಶೆಟ್ಟಿಯದು ಇಳಿಯಿತು. ಅಂಗಡಿಯ ಬಾಗಿಲಲ್ಲೇ ಒಂದು ಸಂಸಾರ ಹೂಡಿದ್ದರಿಂದ ಗಿರಾಕಿಗಳು ಎದುರಂಗಡಿಗೆ ಹೋದರು. ಸಾಲ ಕೇಳಲು ಬಂದವರು ಗೆರೆ ನೋಡಿಯೇ ಹಿಂತಿರುಗಿದರು.

ಕೊನೆಗೆ ಶೆಟ್ಟಿ ಕೈ ಮುಗಿದ. “ಎದ್ದು ಹೋಗೋ ಮಾರಾಯಾ!”

“ಹೇಗೆ ಹೋಗಲಿ ಶೆಟ್ಟರೇ? ನಾಯಕರ ಆಣೆ!” ಎಂದ ಕರಿಬಸಪ್ಪ. ಈಗ ಅವನು ತಲೆ ಎತ್ತಿ ಕೂತಿದ್ದ. “ಅಲ್ಲದೆ ನಮ್ಮತ್ತೆ ಇನ್ನೂ ಮಜ್ಜಿಗೆ ಕುಡಿದಿಲ್ಲ.”

ಶೆಟ್ಟಿ ಗೆರೆ ಅಳಿಸಲು ಕಾಲೆತ್ತಿದ. ತಳವಾರನ ದೊಣ್ಣೆ ಅಡ್ಡ ಬಂತು.

“ಆಣೆಯ ಗೆರೆ ಅಳಿಸಿದ ಕಾಲನ್ನ ನಾಯಕರು ಏನು ಮಾಡಿಸ್ತಾರೆ ಗೊತ್ತೇ?”

ಎತ್ತಿದ ಕಾಲಲ್ಲೇ ಶೆಟ್ಟಿ ಅರಮನೆಗೆ ಓಡಿದ. ಹಂಪಣ್ಣ ಅಲ್ಲಿ ಆಗಲೇ ನಿಂತಿದ್ದ.

“ಬುದ್ಧಿ, ಆ ಗೆರೆ ಅಳಿಸೋಕೆ ಅಪ್ಪಣೆ ಆಗಲಿ. ಮನೆಯ ಕಣಜ ಬರಿದಾಗ್ತಿದೆ!”

“ಸಾಲ ತೀರದೆ ಗೆರೆ ಅಳಿಯೋದಿಲ್ಲ,” ಎಂದ ಸೂರನಾಯಕ. “ಅವನು ಕೊಡಬೇಕು, ಇಲ್ಲವೇ ನೀನು ಬಿಡಬೇಕು.”

ಶೆಟ್ಟಿ ಗಂಟಲಲ್ಲೇ ಗೊಣಗಿದ. “ಬಿಟ್ಟೆ.”

“ಕೇಳಿಸಲಿಲ್ಲ,” ಎಂದ ಹಂಪಣ್ಣ. “ಇಡೀ ಬೀದಿಗೆ ಕೇಳೋ ಹಾಗೆ ಬೈದಿದ್ರಿ. ಹಾಗೇ ಹೇಳಿ.”

“ಬಿಟ್ಟೆ! ಬಡ್ಡಿ, ಬಡ್ಡಿಯ ಬಡ್ಡಿ, ಎಲ್ಲಾ ಬಿಟ್ಟೆ!”

ಸೂರನಾಯಕ ತೊಡೆ ತಟ್ಟಿ ನಕ್ಕ. ಕರಿಬಸಪ್ಪನನ್ನು ಕರೆಸಿ, ತನ್ನ ಮಗಳ ಮದುವೆಗೆ ಬೇಕಾದ ಬಳೆಯೆಲ್ಲ ಅವನೇ ತರಬೇಕೆಂದು ಹೇಳಿ, ಮುಂಗಡವನ್ನೂ ಕೊಡಿಸಿದ. ಬಳೆಗಾರನ ಕಣ್ಣಲ್ಲಿ ನೀರಾಡಿತು. ಜೊತೆಗೆ ಬಂದಿದ್ದ ಗಂಗವ್ವನ ಕೈ ಹಿಡಿದುಕೊಂಡು ಅವನು ಬೀದಿಗಿಳಿದ.

ಶೆಟ್ಟಿ ಉರಿಗಣ್ಣು ಬಿಟ್ಟು ಹಂಪಣ್ಣನ ಕಡೆ ತಿರುಗಿದ. “ಅವನ ಹತ್ರ ಬಿಡಿಕಾಸೂ ಇಲ್ಲ ಅಂತ ನನಗೆ ಮೊದಲೇ ಹೇಳಬಾರದಿತ್ತೇನಯ್ಯಾ?”

“ಅವನು ದಿನಾ ಹೇಳ್ತಾನೇ ಇದ್ದ ಶೆಟ್ಟರೇ,” ಎಂದ ಹಂಪಣ್ಣ. “ನಿಮಗೆ ನಂಬಿಕೆ ಬರೋಕೆ, ಅವನಿಗೆ ನೀವೇ ಊಟ ಹಾಕಿ ನೋಡಬೇಕಾಯ್ತು.”