ಹೊಸನೀರನ್ನು ಮರೆತ ಮೀನುಗಳು

ಹೊಳೆಯೊಂದರ ಅಣೆಕಟ್ಟಿನ ಕೆಳಗೆ ಮುದಿ ಬಿಳಿಮೀನೊಂದು ತನ್ನ ವಂಶದಲ್ಲಿ ಉಳಿದ ಕೆಲವೇ ಹರೆಯದ ಮೀನುಗಳೊಡನೆ ವಾಸವಾಗಿತ್ತು. ಅವುಗಳ ಹೊಟ್ಟೆಯಲ್ಲಿ ಮೊಟ್ಟೆ ತುಂಬಿತ್ತು. ಮೊಟ್ಟೆಯಿಡಬೇಕಾದ ಸಣ್ಣ ಕಲ್ಲುಗಳ ಹಾಸು ಮಾತ್ರ ಹೂಳಿನಡಿ ಮುಚ್ಚಿಹೋಗಿತ್ತು.

ಮುಂಗಾರು ಹಿಡಿದ ದಿನ ಮುದಿಮೀನು ಅಣೆಕಟ್ಟಿನ ಬಾಗಿಲ ಬಳಿಗೆ ಹೋಗಿ, “ಬಾಗಿಲಣ್ಣ, ಹೊಸನೀರು ಬಿಡು,” ಎಂದು ಕೇಳಿತು.

“ದಿನವೂ ಅಳೆದು ಬಿಡುತ್ತಿದ್ದೇನಲ್ಲ ಅಜ್ಜಿ. ಎಂದಾದರೂ ತಪ್ಪಿಸಿದ್ದೇನೆಯೆ?”

“ತಪ್ಪಿಸಿಲ್ಲ, ಅದೇ ತೊಂದರೆ. ನನ್ನ ಕಾಲದಲ್ಲಿ ಹೊಳೆ ಬೇಸಿಗೆಯಲ್ಲಿ ಬಡವಾಗುತ್ತಿತ್ತು, ಮುಂಗಾರಿಗೆ ಕೆಂಪಗೆ ಉಕ್ಕಿ ಬಂದು ಕಲ್ಲುಗಳನ್ನೆಲ್ಲ ತೊಳೆಯುತ್ತಿತ್ತು. ಬೆಟ್ಟದ ಮಣ್ಣಿನ ವಾಸನೆ ಬಂದೊಡನೆ ಅಮ್ಮ ನಮ್ಮನ್ನು ಮೇಲಕ್ಕೆ ಹೊರಡಿಸುತ್ತಿದ್ದಳು. ನೀನು ಕೊಡುವುದು ದಿನದ ಗಂಜಿಗೆ ಸಾಕು, ಬಾಣಂತನಕ್ಕೆ ಸಾಲದಪ್ಪ.”

ಬಾಗಿಲು ಆ ಮಾತಿಗೆ ಒಪ್ಪಿ, ತನ್ನ ಬೆನ್ನಿಗೆ ಒರಗಿದ್ದ ಕೆಂಪು ನೀರನ್ನು ಧಾರಾಳವಾಗಿ ಬಿಟ್ಟಿತು. ಹೂಳು ಕೊಚ್ಚಿಹೋಗಿ ಕಲ್ಲುಗಳು ಮಿನುಗಿದವು.

ಹರೆಯದ ಮೀನುಗಳು ಬಂಡೆಯ ಮರೆಗೆ ಓಡಿ, “ಪ್ರಳಯ ಬಂತು ಅಜ್ಜಿ, ನೀವೂ ಬನ್ನಿ,” ಎಂದು ಕೂಗಿದವು.

ಮುದಿಮೀನಿಗೆ ನಗುವೂ ಬಂತು, ಸಂಕಟವೂ ಆಯಿತು. ಹೊಳೆ ಮರಳಿ ಬಂದಿದ್ದರೂ ಅದರ ಗುರುತು ಹಿಡಿಯುವವರು ತನ್ನ ಹೊರತು ಯಾರೂ ಉಳಿದಿರಲಿಲ್ಲ.

“ಪ್ರಳಯವಲ್ಲ ಮಕ್ಕಳೇ, ಇದು ನಮ್ಮ ಹೊಳೆ. ಬಾಯಲ್ಲಿ ಹೇಳಿದರೆ ನೀವು ನಂಬುವವರಲ್ಲ,” ಎಂದು ಅದು ಸವೆದ ರೆಕ್ಕೆಗಳನ್ನು ಬಿಚ್ಚಿ, ಸೆಳವಿಗೆದುರಾಗಿ ತಾನೇ ಮುಂದೆ ಈಜಿತು. ಸ್ವಲ್ಪ ಹೊತ್ತಿಗೆ ಅದರ ಬಾಲದ ಹಿಂದೆ ಒಂದು ಮೂತಿ ಕಾಣಿಸಿತು, ಅದರ ಹಿಂದೆ ಮತ್ತೊಂದು.