ಗುಂಡಿಯ ಅಳತೆ

"ಗುರುಗಳೇ, ಅಡುಗೆಯವರಿಗೆ ನಾನು ಏನು ಕಡಿಮೆ ಮಾಡಿದ್ದೇನೆ?"

ಕೇಳಿದವನು ಶಾಂತವೀರ. ಮಠದ ಅಡುಗೆಮನೆಯ ಉಸ್ತುವಾರಿ ಅವನದು. "ನಾಲ್ಕೂ ಕಡೆ ಬಯಲಾಗಿದ್ದ ಹಳೆಯ ಚಪ್ಪರ ಕೆಡವಿ, ಕಲ್ಲಿನ ಗೋಡೆ ಎಬ್ಬಿಸಿ ಹೊಸ ಅಡುಗೆಮನೆ ಕಟ್ಟಿಸಿದೆ. ಹಬ್ಬಕ್ಕೆ ಹೊಸ ಬಟ್ಟೆ ಕೊಟ್ಟೆ. ಆದರೂ ಅವರಿಗೆ ಕೆಲಸದಲ್ಲಿ ಮನಸ್ಸಿಲ್ಲ. ಇಬ್ಬರು ಬಿಟ್ಟೇ ಹೋದರು. ಇನ್ನೇನು ಕೊಡಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ. ತಂತಮ್ಮ ಮನೆಗಳಲ್ಲಿ ನೇಯುತ್ತಿದ್ದ ಹನ್ನೆರಡು ನೇಕಾರರನ್ನು ಒಂದೇ ಸೂರಿನಡಿ ಕೂಡಿಸಲು ಅವನು ದೊಡ್ಡ ಮಗ್ಗದ ಮನೆ ಕಟ್ಟಿಸಿದ. ನೇಕಾರ ನೆಲದ ಮಟ್ಟಕ್ಕೆ ಕೂತು, ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು, ಅದರ ತಳದ ಮಣೆ ತುಳಿಯುತ್ತ ನೇಯುವ ಮಗ್ಗಗಳು ಅವು. ವ್ಯಾಪಾರಿ ಅಚ್ಚುಕಟ್ಟಿನ ಮನುಷ್ಯ. ಹನ್ನೆರಡು ಗುಂಡಿಗಳನ್ನೂ ದಾರ ಹಿಡಿದು ಒಂದೇ ಆಳಕ್ಕೆ ತೋಡಿಸಿದ. ನೋಡಿದವರೆಲ್ಲ ಭೇಷ್ ಎಂದರು. ಅವನ ಎದೆ ಉಬ್ಬಿತು.

ಎರಡು ತಿಂಗಳಲ್ಲಿ ನೇಯ್ಗೆ ಸಡಿಲಾಯಿತು. ಮುರಿಗೆಪ್ಪನೆಂಬ ನೇಕಾರನ ಅಂಚು ನೋಡಿಯೇ ಈ ವ್ಯಾಪಾರಿಗೆ ಹೆಸರು ಬಂದಿತ್ತು. ಈಗ ಆ ಅಂಚೇ ಡೊಂಕಾಯಿತು. ದೊಡ್ಡ ಮನೆತನವೊಂದು ಮದುವೆಗೆಂದು ನೇಯಲು ಹೇಳಿದ್ದ ಸೀರೆಗಳಲ್ಲಿ ಮೊದಲನೆಯದು ಹಿಂದಕ್ಕೆ ಬಂತು. ವ್ಯಾಪಾರಿಗೆ ದಿಗಿಲಾಯಿತು. ಇನ್ನೊಂದು ಸೀರೆ ಹೀಗೆ ಬಂದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು.

ಮಧ್ಯಾಹ್ನಕ್ಕೆ ಮಜ್ಜಿಗೆ ಕೊಡಿಸಿದ. ಬೇಸರ ಕಳೆಯಲೆಂದು ಏಕತಾರಿ ಹಿಡಿದು ಹಾಡುವವನನ್ನು ತಂದು ಕೂರಿಸಿದ. ಹುಣ್ಣಿಮೆಗೊಮ್ಮೆ ಒಬ್ಬ ನೇಕಾರನ ಕೊರಳಿಗೆ ಹಾರ ಹಾಕಿದ. ಮಜ್ಜಿಗೆಯ ತಂಬಿಗೆ ಕೈಯಲ್ಲಿ ಹಿಡಿದೇ ಒಬ್ಬೊಬ್ಬರನ್ನೂ ಕೇಳಿದ: "ಎಲ್ಲಾ ಚಲೋ ಐತಿಲ್ಲೋ?" ಎಲ್ಲರೂ "ಚಲೋ ಐತ್ರಿ ಧಣಿ" ಎಂದರು. ಪಾಪ, ಅವನು ನಂಬಿಬಿಟ್ಟ.

ಒಂದು ದಿನ ಮುರಿಗೆಪ್ಪ ಎದ್ದು ಬಂದು ಕೈಮುಗಿದ. "ನಾಳಿಂದ ನಾ ಬರಂಗಿಲ್ರಿ."

ವ್ಯಾಪಾರಿ ಕೆಂಡವಾದ. "ಏನು ಕಡಿಮಿ ಮಾಡೀನಿ ನಿನಗ?"

"ಒಂದು ಗೇಣು ನೀವ ನೇದು ನೋಡ್ರಿ ಧಣಿ. ಆಮ್ಯಾಲ ಬೈರಿ."

ವ್ಯಾಪಾರಿಯ ಅಜ್ಜನೂ ನೇಕಾರನೇ. ಚಿಕ್ಕಂದಿನಲ್ಲಿ ಕಲಿತ ಕೈ, ಇದೇನು ಮಹಾ ಎಂದು ಪಂಚೆ ಎತ್ತಿ ಕಟ್ಟಿ ಮುರಿಗೆಪ್ಪನ ಮಗ್ಗಕ್ಕೆ ಇಳಿದ. ಕಾಲು ಮಣೆಗೆ ಮುಟ್ಟಲಿಲ್ಲ. ಗುಂಡಿಯ ಅಂಚಿಗೆ ಜಾರಿ, ಸೊಂಟ ತಿರುಚಿ, ತುದಿಬೆರಳಲ್ಲಿ ತುಳಿದ. ಲಾಳಿ ಒಂದು ಕಡೆಗೆ, ಅವನೊಂದು ಕಡೆಗೆ. ಗೇಣು ಮುಗಿಯುವ ಮೊದಲೇ ಬೆನ್ನು ಹಿಡಿಯಿತು. ನೇಯ್ದದ್ದನ್ನು ನೋಡಿದ. ಅಂಚು ಡೊಂಕಾಗಿತ್ತು. ಅವನಿಗೆ ನಾಚಿಕೆಯಾಯಿತು.

"ಇಷ್ಟು ದಿನ ಬಾಯಿ ಬಿಡಲಿಲ್ಲ ಯಾಕೋ?"

"ಚಲೋ ಐತಿಲ್ಲೋ ಅಂತ ಕೇಳಿದ್ರಿ, ಐತಿ ಅಂದ್ವಿ. ಕಾಲು ಮುಟ್ಟತಾವೇನು ಅಂತ ಯಾವತ್ತು ಕೇಳಿದ್ರಿ?"

ಮರುದಿನ ವ್ಯಾಪಾರಿ ಮಗ್ಗದ ಮನೆಯ ನಡುವೆ ಹಾರೆ, ಬುಟ್ಟಿ, ಒಂದು ರಾಶಿ ಮಣ್ಣು ಹಾಕಿಸಿ, ನಿಮ್ಮ ಗುಂಡಿ ನೀವೇ ಮಾಡಿಕೊಳ್ಳಿ ಎಂದ. ಮೂರು ದಿನ ಒಂದು ಎಳೆಯೂ ನೇಯಲಿಲ್ಲ. ಮುರಿಗೆಪ್ಪ ಒಂದೂವರೆ ಗೇಣು ಮಣ್ಣು ತುಂಬಿ ಬಡಿದು ಗಟ್ಟಿಮಾಡಿದ. ಅವನ ಪಕ್ಕದ ಉದ್ದಕಾಲಿನವನು ಇನ್ನಷ್ಟು ತೋಡಿದ. ಹನ್ನೆರಡು ಗುಂಡಿ, ಹನ್ನೆರಡು ಆಳ. ನೋಡಲು ಬಂದವರು ಮೂಗು ಮುರಿದರು.

ಮದುವೆಯ ಸೀರೆಗಳು ಹೊತ್ತಿಗೆ ಸರಿಯಾಗಿ ಮುಗಿದವು. ಮುರಿಗೆಪ್ಪನ ಅಂಚು ಮೊದಲಿನಂತೆ ನೆಟ್ಟಗಾಯಿತು. ಏಕತಾರಿಯವನು ಯಾವಾಗ ಹೊರಟುಹೋದನೋ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ನೇಕಾರರೇ ಹಾಡತೊಡಗಿದ್ದರು.

ಕತೆ ಮುಗಿಯಿತು. ಶಾಂತವೀರನ ಮುಖ ಅರಳಿತು. "ತಿಳಿಯಿತು ಗುರುಗಳೇ. ನಾಳೆಯೇ ಅಡುಗೆಯವರನ್ನೆಲ್ಲ ಕೂರಿಸಿಕೊಂಡು ಏನು ಬೇಕೆಂದು ಕೇಳುತ್ತೇನೆ."

ಗುರುಗಳು ಕೇಳಿದರು:

"ನೀನು ಕಟ್ಟಿಸಿದ ಅಡುಗೆಮನೆಯಲ್ಲಿ ಹೊಗೆ ಯಾವ ಕಡೆಗೆ ಹೋಗುತ್ತದೆ, ಶಾಂತವೀರ?"

ಶಾಂತವೀರನಿಗೆ ಗೊತ್ತಿರಲಿಲ್ಲ. ಒಲೆ ಹಚ್ಚುವ ಹೊತ್ತಿಗೆ ಅವನೇ ಅಡುಗೆಮನೆಯೊಳಗೆ ಹೋಗಿ ನಿಂತ.